ಕರೆಯುವುದೊಂದು, ಕುಡಿಯುವುದೊಂದು

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಅಧ್ಯಾಪಕ ವೃತ್ತಿಗೆ ಹೊಸದಾಗಿ ಸೇರಿದ್ದ ನಾನು ವಿದ್ಯಾರ್ಥಿಯೊಬ್ಬನ ಮನೆಯ ಮದುವೆಗೆಂದು ಸಾಗರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ಎರಡು ಮೈಲಿ ನಡೆದು, ಅಡಕೆ ತೋಟದ ಅಂಚಿನಲ್ಲಿದ್ದ ಆ ಮನೆಯನ್ನು ಮುಟ್ಟುವ ಹೊತ್ತಿಗೆ ನಡುಹಗಲಾಗಿತ್ತು. ಜಗಲಿಯಲ್ಲಿ ಕುಳಿತಿದ್ದ ಮನೆಯ ಹಿರಿಯ ಅಜ್ಜಿ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಆಸರಿಗೆ ಎಂತ ಕೊಡಲಿ?" ಎಂದರು. ಆ ಒಂದು ಮಾತಿಗೇ ನಾನು ಮಾರುಹೋದೆ. ಆಸರು ಎಂದರೆ ಹಳಗನ್ನಡದಲ್ಲಿ ದಣಿವು, ಬಳಲಿಕೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಹೇಳಬೇಕಾಗಿದ್ದ ಶಬ್ದವೊಂದು ಅಲ್ಲಿ, ಆ ಹವ್ಯಕರ ಜಗಲಿಯಲ್ಲಿ, ದಿನಬಳಕೆಯ ಮಾತಾಗಿ ಓಡಾಡಿಕೊಂಡಿತ್ತು. ಬಳಲಿ ಬಂದವನಿಗೆ ಕೊಡುವ ಪಾನೀಯಕ್ಕೆ ಬಳಲಿಕೆಯದೇ ಹೆಸರು.

ಏನಾದರೂ ಆದೀತು ಎಂದೆ. ಹಿತ್ತಾಳೆಯ ಲೋಟದಲ್ಲಿ ಹಬೆಯಾಡುವ ಕಷಾಯ ಬಂತು. ಕೊತ್ತಂಬರಿ ಬೀಜ, ಜೀರಿಗೆ, ಒಂದಿಷ್ಟು ಕಾಳುಮೆಣಸು ಹುರಿದು ಪುಡಿಮಾಡಿ, ಬೆಲ್ಲ ಮತ್ತು ಹಾಲು ಹಾಕಿ ಕುದಿಸಿದ ಕಷಾಯ. ಬಹಳ ಚೆನ್ನಾಗಿತ್ತು. ಆದರೆ ಎಂ.ಎ. ಪದವಿಯ ಬಿಸಿ ನನ್ನಲ್ಲಿ ಇನ್ನೂ ಆರಿರಲಿಲ್ಲ. "ಅಜ್ಜಿ, ಇದನ್ನು ಕಷಾಯ ಎನ್ನಬಾರದು. ಕಷಾಯವೆಂದರೆ ಒಗರು. ಇದು ಸಿಹಿಯಾಗಿದೆಯಲ್ಲ!" ಎಂದು ತಿದ್ದಿದೆ. ಅಜ್ಜಿ ಕೈಚಾಚಿ, "ಹಾಗಾದರೆ ಹೆಸರನ್ನು ನೀವು ಕುಡಿಯಿರಿ, ಲೋಟ ಇತ್ತ ಕೊಡಿ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಲೋಟವನ್ನು ಮಾತ್ರ ಕೊಡಲಿಲ್ಲ.

ಆ ಅಜ್ಜಿಯ ಮಾತು ನನ್ನನ್ನು ಇಷ್ಟು ವರ್ಷ ಬಿಡದೆ ಹಿಂಬಾಲಿಸಿದೆ. ನಾವು ದಿನವೂ ಕುಡಿಯುವ ಪದಾರ್ಥಗಳ ಹೆಸರಿಗೂ ಆ ಹೆಸರಿನ ನಿಜವಾದ ಅರ್ಥಕ್ಕೂ ಎಷ್ಟು ದೂರ! ಈ ದೂರ ಹೇಗೆ ಬಂತು? ಅದನ್ನು ತಿದ್ದಬೇಕೆ? ಎಲ್ಲಿ ತಿದ್ದಬೇಕು, ಎಲ್ಲಿ ಸುಮ್ಮನಿರಬೇಕು? ಈ ಪ್ರಶ್ನೆಗಳನ್ನು ಕುರಿತು ಒಂದೆರಡು ವಿಚಾರಗಳನ್ನು ಕೇಳುಗರ ಮುಂದೆ ಇಡುತ್ತೇನೆ.

ಕಷಾಯದಿಂದಲೇ ತೊಡಗೋಣ. ಸಂಸ್ಕೃತದಲ್ಲಿ ಕಷಾಯವೆಂದರೆ ಆರು ರಸಗಳಲ್ಲಿ ಒಂದು. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಪಟ್ಟಿಯ ಕೊನೆಯದು. ಅಳಲೆಕಾಯಿ, ಎಳೆಯ ಬಾಳೆಕಾಯಿ, ಹಸಿ ಅಡಕೆ ಇವು ನಾಲಗೆಯನ್ನು ಹಿಡಿದೆಳೆಯುವ ಆ ಒಗರು. ಅದೇ ಶಬ್ದಕ್ಕೆ ಕೆಂಪು ಬೆರೆತ ಕಂದುಬಣ್ಣ ಎಂಬ ಅರ್ಥವೂ ಉಂಟು. ಸಂನ್ಯಾಸಿಗಳ ಕಾಷಾಯವಸ್ತ್ರ ಅದರಿಂದಲೇ ಬಂದದ್ದು. ಇಷ್ಟನ್ನು ತಿಳಿದೇ ನಾನು ಅಜ್ಜಿಯನ್ನು ತಿದ್ದಲು ಹೊರಟದ್ದು. ಆದರೆ ಇಷ್ಟೇ ತಿಳಿದಿದ್ದೆ ಎಂಬುದು ಆಮೇಲೆ ಗೊತ್ತಾಯಿತು. ಕೆಲವು ವರ್ಷಗಳ ನಂತರ ಚರಕಸಂಹಿತೆಯನ್ನು ತಿರುವಿ ಹಾಕುವಾಗ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಚರಕನು ಕಷಾಯ ಎಂಬ ಮಾತನ್ನು ಔಷಧದ ಸಿದ್ಧತೆಗಳಿಗೆಲ್ಲ ಸಾಮಾನ್ಯನಾಮವಾಗಿ ಬಳಸುತ್ತಾನೆ. ಹಿಂಡಿ ತೆಗೆದ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿದ್ದು ಶೃತ, ತಣ್ಣೀರಿನಲ್ಲಿ ನೆನೆಸಿಟ್ಟದ್ದು ಶೀತ, ಬಿಸಿನೀರಿನಲ್ಲಿ ಹಾಕಿ ಸೋಸಿದ್ದು ಫಾಂಟ; ಈ ಐದೂ ಕಷಾಯಗಳೇ. ಅಷ್ಟೇ ಅಲ್ಲ, ಉಪ್ಪಿನ ರುಚಿಯೊಂದನ್ನು ಬಿಟ್ಟು ಉಳಿದ ಐದು ರಸಗಳೂ ಕಷಾಯಕ್ಕೆ ಮೂಲವಾಗಬಹುದು ಎನ್ನುತ್ತಾನೆ. ಮಧುರಕಷಾಯ ಎಂಬುದನ್ನು ಮೊದಲಿಗೇ ಹೆಸರಿಸುತ್ತಾನೆ. ಎಂದರೆ, ಸಾಗರದ ಅಜ್ಜಿ ನಿಘಂಟನ್ನು ಮುಟ್ಟದೆಯೂ ಚರಕನ ಪಕ್ಷದಲ್ಲಿದ್ದರು. ನಿಘಂಟಿನ ಮೊದಲ ಸಾಲನ್ನಷ್ಟೇ ಓದಿಕೊಂಡಿದ್ದ ನಾನು ತಪ್ಪಿದ್ದೆ.

ಇದರ ಬೆನ್ನಿಗೇ ಇನ್ನೊಂದು ತಮಾಷೆಯ ಸಂಗತಿ ಹೊಳೆಯಿತು. ನಮ್ಮ ಮನೆಗಳಲ್ಲಿ ಕಾಫಿಯ ಫಿಲ್ಟರಿನಿಂದ ಇಳಿಯುವ ಗಟ್ಟಿರಸಕ್ಕೆ ನಾವು ಡಿಕಾಕ್ಷನ್ ಎನ್ನುತ್ತೇವೆ. ಇದು ಲ್ಯಾಟಿನ್ ಮೂಲದ ಮಾತು. ಕುದಿಸಿ ಬತ್ತಿಸಿದ್ದು ಎಂದರ್ಥ. ಅದರ ಒಳಗಿರುವ ಧಾತುವೂ ನಮ್ಮ ಪಾಕ, ಪಕ್ವ ಎಂಬ ಮಾತುಗಳ ಒಳಗಿರುವ ಧಾತುವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಫಿಲ್ಟರಿನಲ್ಲಿ ನಾವು ಕುದಿಸುವುದೆಲ್ಲಿ? ಪುಡಿಯ ಮೇಲೆ ಕುದಿನೀರು ಸುರಿದು, ಮುಚ್ಚಿ, ತೊಟ್ಟು ತೊಟ್ಟಾಗಿ ಇಳಿಯಲು ಬಿಡುತ್ತೇವೆ. ಡಿಕಾಕ್ಷನ್ ಕುದಿಯಿತೆಂದರೆ ಕಾಫಿ ಕೆಟ್ಟಿತೆಂದು ಗೊಣಗುವವರೂ ನಾವೇ. ಆಯುರ್ವೇದದ ಲೆಕ್ಕದಲ್ಲಿ ಅದು ಕ್ವಾಥವಲ್ಲ, ಫಾಂಟ. ಹಾಲು ಕೂಡಿಸದ ಚಹಾವೂ ಫಾಂಟವೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ರುಚಿಯಲ್ಲಿ ಒಗರು, ಬಣ್ಣದಲ್ಲಿ ಕೆಂಗಂದು, ತಯಾರಿಕೆಯಲ್ಲಿ ಐದು ಕಷಾಯಗಳಲ್ಲಿ ಒಂದು ಎಂಬ ಮೂರು ಅರ್ಥಗಳಿಂದಲೂ ಕಷಾಯವೆನ್ನಿಸಿಕೊಳ್ಳಬಲ್ಲದ್ದು ಹಾಲಿಲ್ಲದ ಚಹಾವೇ. ಅದನ್ನು ಮಾತ್ರ ಯಾರೂ ಕಷಾಯ ಎನ್ನುವುದಿಲ್ಲ.

ಹಾಗಾದರೆ ಚಹಾ ಎಂದರೇನು, ಟೀ ಎಂದರೇನು? ಈ ಎರಡೂ ಒಂದೇ ಚೀನೀ ಲಿಪಿಚಿಹ್ನೆಯ ಎರಡು ಉಚ್ಚಾರಣೆಗಳು. ಚೀನಾದ ಹೆಚ್ಚಿನ ಪ್ರಾಂತಗಳಲ್ಲಿ ಅದು 'ಚಾ'. ಆಗ್ನೇಯ ಕರಾವಳಿಯ ಫುಕಿಯೆನ್ ಪ್ರಾಂತದ ಆಡುನುಡಿಯಲ್ಲಿ ಮಾತ್ರ 'ತೆ'. ಮಕಾವ್ ಬಂದರಿನಲ್ಲಿ ನೆಲೆಸಿದ ಪೋರ್ಚುಗೀಸರು 'ಚಾ' ಎಂದು ಕಲಿತರು. ಮಧ್ಯ ಏಷ್ಯದ ಸಾರ್ಥವಾಹರ ದಾರಿಯಲ್ಲಿ ಹೊರಟ ಮಾತು ಪರ್ಷಿಯನ್ನಿನಲ್ಲಿ 'ಚಾಯ್' ಆಯಿತು. ಫುಕಿಯೆನ್ ಜನರೊಡನೆ ವ್ಯಾಪಾರ ಮಾಡಿದ ಡಚ್ಚರು ೧೭ನೆಯ ಶತಮಾನದಲ್ಲಿ 'ತೆ' ಎಂಬುದನ್ನು ಹಡಗಿನಲ್ಲಿ ಯೂರೋಪಿಗೆ ಒಯ್ದರು. ಅದೇ ಇಂಗ್ಲಿಷಿನ ಟೀ. ಹೀಗೆ ಒಂದು ದೇಶ ಈ ಪಾನೀಯವನ್ನು ಏನೆಂದು ಕರೆಯುತ್ತದೆ ಎಂಬುದರಿಂದ, ಅದು ಯಾರ ಕೈಯಿಂದ ಆ ದೇಶಕ್ಕೆ ಬಂತೆಂದು ಬಹುಮಟ್ಟಿಗೆ ಊಹಿಸಬಹುದು.

ದೇಶಗಳ ಮಾತು ಇರಲಿ, ನಮ್ಮ ಕರ್ನಾಟಕದೊಳಗೇ ನೋಡಿ. ಧಾರವಾಡ, ಬೆಳಗಾವಿ, ವಿಜಯಪುರಗಳಲ್ಲಿ ಚಹಾ. ಅದು ಮುಂಬಯಿ ಪ್ರಾಂತದ ದಿನಗಳಲ್ಲಿ ಮರಾಠಿಯ ಮೂಲಕ ಬಂದ ರೂಪ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯ ಕಡೆ ಉರ್ದುವಿನ ನೆರಳಿನಲ್ಲಿ ಚಾ, ಚಾಯ್. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನ ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳ ಒಡನಾಟದಲ್ಲಿ ಚಾ. ಹಳೆಯ ಮೈಸೂರು ಸೀಮೆಯಲ್ಲಿ ಇಂಗ್ಲಿಷಿನ ಟೀ. ೧೯೫೬ರಲ್ಲಿ ರಾಜ್ಯ ಒಂದಾಯಿತು; ಗಡಿಕಲ್ಲುಗಳು ಕಿತ್ತುಹೋದವು. ಆದರೆ ಹೋಟೆಲಿನ ಮಾಣಿಯನ್ನು ಕರೆಯುವ ಒಂದೇ ಒಂದು ಅಕ್ಷರದಲ್ಲಿ ಆ ಹಳೆಯ ಗಡಿಗಳು ಇನ್ನೂ ಕುಳಿತಿವೆ. ಇಲ್ಲಿ ಹೆಸರು ಲೋಟದೊಳಗಿನ ಪದಾರ್ಥದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕುಡಿಯುವವನ ಚರಿತ್ರೆಯನ್ನು ಹೇಳುತ್ತದೆ. ಈಚೆಗೆ ಹೊರದೇಶಗಳ ಅಂಗಡಿಗಳಲ್ಲಿ ಮಸಾಲೆ ಹಾಕಿದ ನಮ್ಮ ಚಹಾವನ್ನು 'ಚಾಯ್ ಟೀ' ಎಂದು ಮಾರುತ್ತಾರೆ. ಚೀನಾದಿಂದ ನೆಲದ ದಾರಿ ಹಿಡಿದ ಮಾತೂ ನೀರಿನ ದಾರಿ ಹಿಡಿದ ಮಾತೂ ಹಲವು ಶತಮಾನಗಳ ಮೇಲೆ ಒಂದೇ ಲೋಟದಲ್ಲಿ ಸಂಧಿಸಿದವಲ್ಲ ಎಂದು ನಾನು ಸಂತೋಷಪಡುತ್ತೇನೆ.

ಕಾಫಿಯ ಕಥೆ ಇನ್ನೂ ವಿಚಿತ್ರ. ಅರಬ್ಬಿಯ 'ಖಹ್ವಾ', ತುರ್ಕಿಯ 'ಕಾಹ್ವೆ', ಡಚ್ಚರ 'ಕೋಫಿ', ಇಂಗ್ಲಿಷರ 'ಕಾಫಿ' ಎಂದು ಈ ಮಾತು ನಡೆದು ಬಂದಿದೆ. ಕಾಫಿಗಿಂತ ಮೊದಲೇ ಅರಬ್ಬಿಯಲ್ಲಿ ಖಹ್ವಾ ಎಂಬ ಶಬ್ದವಿತ್ತು, ಅದು ದ್ರಾಕ್ಷಾಮದ್ಯದ ಹೆಸರುಗಳಲ್ಲಿ ಒಂದಾಗಿತ್ತು ಎಂದು ಅರಬ್ಬೀ ಕೋಶಕಾರರು ಹೇಳುತ್ತಾರೆ. ಹಸಿವೆಯನ್ನು ಇಂಗಿಸುವುದು ಎಂಬ ಭಾವ ಅದರ ಮೂಲದಲ್ಲಿದೆಯಂತೆ. ೧೫ನೆಯ ಶತಮಾನದಲ್ಲಿ ಯೆಮನ್ ದೇಶದ ಸೂಫಿ ಸಾಧಕರು ರಾತ್ರಿಯ ಧ್ಯಾನದಲ್ಲಿ ನಿದ್ದೆ ಬಾರದಿರಲೆಂದು ಈ ಬೀಜದ ಪಾನೀಯವನ್ನು ಕುಡಿಯತೊಡಗಿದಾಗ, ನಿಷಿದ್ಧವಾದ ಮದ್ಯದ ಹೆಸರು ನಿದ್ದೆಗೆಡಿಸುವ ಈ ಪಾನೀಯಕ್ಕೆ ಅಂಟಿಕೊಂಡಿತು. ಹೆಸರಿನ ಜೊತೆಗೆ ಹೆಸರಿನ ಕಳಂಕವೂ ಬಂತು. ೧೫೧೧ರಲ್ಲಿ ಮೆಕ್ಕಾದ ಅಧಿಕಾರಿ ಖಾಯಿರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಕೈರೋದಲ್ಲಿದ್ದ ಸುಲ್ತಾನ ಆ ಕಟ್ಟುನಿಟ್ಟನ್ನು ಸಡಿಲಿಸಬೇಕಾಯಿತು. ಆ ವಿವಾದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮದ್ಯದ ಹೆಸರನ್ನು ಹೊತ್ತದ್ದು ಕಾಫಿಗೆ ಒಳ್ಳೆಯದನ್ನು ಮಾಡಲಿಲ್ಲವೆಂಬುದು ಸ್ಪಷ್ಟ.

ಆ ಬೀಜಗಳನ್ನು ೧೭ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ನಿನಿಂದ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು ನಮ್ಮ ನಾಡಿನ ಪ್ರತೀತಿ. ತಂದದ್ದು ಏಳೇ ಬೀಜಗಳಂತೆ. ಇಂದು ಚಿಕ್ಕಮಗಳೂರಿನಲ್ಲಿ ಕುಳಿತು ಕಾಫಿ ಕುಡಿಯುವವನು ತಾನು ಒಂದು ಕಾಲದ ಮದ್ಯದ ಹೆಸರನ್ನು ಉಚ್ಚರಿಸುತ್ತಿದ್ದೇನೆಂದು ಕನಸಿನಲ್ಲೂ ಎಣಿಸುವುದಿಲ್ಲ. ಇನ್ನು ಕಾಶ್ಮೀರಕ್ಕೆ ಹೋಗಿ 'ಕಹ್ವಾ' ಕೇಳಿದರೆ ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಹಸಿರು ಚಹಾ ಕೊಡುತ್ತಾರೆ. ಮದ್ಯದಿಂದ ಕಾಫಿಗೆ, ಕಾಫಿಯಿಂದ ಚಹಾಕ್ಕೆ ಹೆಸರು ಮೂರು ಪಾತ್ರೆಗಳನ್ನು ಬದಲಾಯಿಸಿತು.

ಒಂದೇ ಧಾತುವಿನ ಮಕ್ಕಳು ಎರಡು ದಾರಿ ಹಿಡಿದುದಕ್ಕೆ ಶರಬತ್ತು ಮತ್ತು ಶರಾಬು ಒಳ್ಳೆಯ ನಿದರ್ಶನ. ಅರಬ್ಬಿಯಲ್ಲಿ ಕುಡಿಯುವುದು ಎಂಬ ಅರ್ಥ ಕೊಡುವ ಧಾತುವೊಂದುಂಟು. ಶರಾಬ್ ಎಂದರೆ ಅಲ್ಲಿ ಯಾವುದೇ ಪಾನೀಯ. ಪರ್ಷಿಯನ್ನಿಗೂ ಉರ್ದುವಿಗೂ ಬರುವಷ್ಟರಲ್ಲಿ ಅದು ಮದ್ಯವಾಯಿತು. ಅದೇ ಧಾತುವಿನಿಂದ ಬಂದ ಶರಬತ್ತು ನಿಂಬೆಹಣ್ಣಿನ ಜೊತೆ ಸೇರಿ ಸಂಭಾವಿತವಾಗಿ ಉಳಿಯಿತು. ಔಷಧದ ಅಂಗಡಿಯಲ್ಲಿ ಕೆಮ್ಮಿಗೆ ಕೊಳ್ಳುವ ಸಿರಪ್ಪೂ ಇವುಗಳ ಒಡಹುಟ್ಟೇ. ಒಂದು ಮನೆಯಲ್ಲಿ ಹುಟ್ಟಿದ ಮೂವರಲ್ಲಿ ಒಬ್ಬ ಅತಿಥಿಸತ್ಕಾರಕ್ಕೆ, ಒಬ್ಬ ವೈದ್ಯಕ್ಕೆ, ಇನ್ನೊಬ್ಬ ಹೆಂಡದಂಗಡಿಗೆ ಸೇರಿದಂತಾಯಿತು.

ನಾವು ಅರಬ್ಬಿಯವರನ್ನು ನೋಡಿ ನಗುವಂತಿಲ್ಲ. ನಮ್ಮಲ್ಲೂ ಹೀಗೆಯೇ ಆಗಿದೆ. ಪಾನವೆಂದರೆ ಕುಡಿಯುವುದು, ಅಷ್ಟೆ. ಆದರೆ ಪಾನನಿರೋಧ ಎಂದಾಗ ಸರ್ಕಾರ ನೀರು ಕುಡಿಯುವುದನ್ನು ನಿಷೇಧಿಸಿತೆಂದು ಯಾರೂ ಗಾಬರಿಯಾಗುವುದಿಲ್ಲ. ಅಚ್ಚಗನ್ನಡದ ಕುಡುಕ ಎಂಬ ಮಾತಿಗೆ ಕುಡಿಯುವವನು ಎಂಬುದಕ್ಕಿಂತ ಹೆಚ್ಚಿನ ಅರ್ಥ ಅಕ್ಷರಗಳಲ್ಲಿಲ್ಲ. ಆ ಲೆಕ್ಕದಲ್ಲಿ ನಾವೆಲ್ಲರೂ ಕುಡುಕರೇ. "ಹುಡುಗ ಒಳ್ಳೆಯವನು, ಆದರೆ ಕುಡಿಯುತ್ತಾನೆ" ಎಂದು ಸಂಬಂಧ ನೋಡಲು ಬಂದವರು ಪಿಸುಗುಟ್ಟಿದರೆ ಏನು ಕುಡಿಯುತ್ತಾನೆ ಎಂದು ಹೆಣ್ಣಿನ ತಂದೆ ಕೇಳುವುದಿಲ್ಲ. ಕರ್ಮಪದವನ್ನು ನುಂಗಿದ ಕ್ರಿಯಾಪದ ಅದು. ನಾಚಿಕೆಯ ವಿಷಯದಲ್ಲಿ ಭಾಷೆ ಹೀಗೆ ಅರ್ಧ ಹೇಳಿ ಅರ್ಧ ಬಿಡುತ್ತದೆ.

ಪಾನಕ, ಪಾನೀಯ ಎಂಬ ಮಾತುಗಳು ಇದಕ್ಕೆ ಬೇರೆಯಾದ ದಾರಿ ಹಿಡಿದಿವೆ. ಪಾನೀಯವೆಂದರೆ ಕುಡಿಯಲು ಯೋಗ್ಯವಾದದ್ದು. ಸಂಸ್ಕೃತದಲ್ಲಿ ಮುಖ್ಯವಾಗಿ ನೀರು. ಹಿಂದಿಯ ಪಾನಿ ಅದರ ತದ್ಭವ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನು ವರ್ಣಿಸುವಾಗ ಅನ್ನಭೋಗದ ಜೊತೆಗೆ ಪಾನೀಯಭೋಗ ಎಂಬ ಭಾಗವನ್ನು ಇಟ್ಟಿದ್ದಾನೆ. ಮಳೆಯ ನೀರು, ನದಿಯ ನೀರು, ಕೊಳದ ನೀರು ಎಂದು ನೀರಿನ ಬಗೆಗಳು ಅಲ್ಲಿ ಬರುತ್ತವೆ. ನೀರನ್ನು ಭೋಗಗಳ ಸಾಲಿನಲ್ಲಿ ಕೂರಿಸಿದ ಕಾಲ ಅದು. ಇಂದು ತಂಪು ಪಾನೀಯ ಎಂದರೆ ಬಾಟಲಿಯಲ್ಲಿ ಬರುವ ಎಲ್ಲವೂ ಆಗಬಹುದು; ನೀರೊಂದನ್ನು ಬಿಟ್ಟು. ಪಾನಕವೂ ಮೂಲದಲ್ಲಿ ಕುಡಿಯುವಂಥದು ಎಂಬ ಸಾಮಾನ್ಯನಾಮವೇ. ಈಗ ಅದು ರಾಮನವಮಿಯ ಬೆಲ್ಲದ ನೀರಿಗೆ ಮೀಸಲಾಗಿದೆ. ನಮ್ಮ ಕಡೆಯ ಮನೆಗಳಲ್ಲಿ ಬೆಲ್ಲ ಹಾಕಿದರೆ ಪಾನಕ, ಸಕ್ಕರೆ ಹಾಕಿದರೆ ಶರಬತ್ತು. ಎರಡಕ್ಕೂ ಕುಡಿಯುವಂಥದು ಎಂದೇ ಅರ್ಥ. ಒಂದು ಸಂಸ್ಕೃತದಲ್ಲಿ, ಒಂದು ಅರಬ್ಬಿಯಲ್ಲಿ.

ಮಜ್ಜಿಗೆಯನ್ನು ಕುರಿತು ಒಂದು ಮಾತು. ೧೬ನೆಯ ಶತಮಾನದ ಭಾವಮಿಶ್ರನು ತನ್ನ ವೈದ್ಯಗ್ರಂಥದಲ್ಲಿ ಮಜ್ಜಿಗೆಯ ಐದು ಬಗೆಗಳನ್ನು ಬೇರೆ ಬೇರೆ ಹೆಸರಿನಿಂದ ಕರೆದಿದ್ದಾನೆ. ನೀರು ಹಾಕದೆ ಕೆನೆಯ ಸಮೇತ ಕಡೆದದ್ದು ಘೋಲ, ಕೆನೆ ತೆಗೆದು ನೀರಿಲ್ಲದೆ ಕಡೆದದ್ದು ಮಥಿತ, ಕಾಲು ಭಾಗ ನೀರು ಸೇರಿದ್ದು ತಕ್ರ, ಅರ್ಧ ಭಾಗ ನೀರಿನದು ಉದಶ್ವಿತ್, ಕೆನೆ ತೆಗೆದು ಬಹಳ ನೀರು ಬೆರೆಸಿದ್ದು ಛಚ್ಛಿಕಾ. ಕಡೆಗೋಲಿನಿಂದ ಕಡೆದು ಬೆಣ್ಣೆ ತೆಗೆದ ಮೇಲೆ ಉಳಿದದ್ದನ್ನೇ ನಮ್ಮ ಹಿರಿಯರು ಮಜ್ಜಿಗೆ ಎನ್ನುತ್ತಿದ್ದರು. ಮೊಸರಿಗೆ ನೀರು ಸುರಿದು ಕಲಕಿದರೆ ಅದು ನೀರುಮೊಸರು ಎಂದು ನಮ್ಮ ತಾಯಿ ಮೂಗು ಮುರಿಯುತ್ತಿದ್ದರು. ಈಗ ಹೆಚ್ಚಿನ ಮನೆಗಳಲ್ಲಿ ಅದೇ ಮಜ್ಜಿಗೆ. ಐದು ಹೆಸರಿದ್ದಲ್ಲಿ ಒಂದೇ ಉಳಿಯಿತು.

ಪೇಟೆಯ ಸೋಡದ ಹೆಸರೂ ಇಂಥದೇ. ಸೋಡವೆಂದರೆ ಒಂದು ಕ್ಷಾರ. ಮೊದಲಲ್ಲಿ ಆ ಕ್ಷಾರವನ್ನು ನಿಜವಾಗಿಯೂ ನೀರಿಗೆ ಬೆರೆಸುತ್ತಿದ್ದರು. ಈಗಿನ ಗೋಲಿ ಸೋಡದಲ್ಲಿ ಬಹುಮಟ್ಟಿಗೆ ಇರುವುದು ನೀರು, ಅದರೊಳಗೆ ಒತ್ತಿ ತುಂಬಿದ ಅಂಗಾರಾಮ್ಲ ಅನಿಲ. ಕ್ಷಾರ ಹೋಯಿತು, ಆಮ್ಲ ಬಂತು, ಹೆಸರು ಅಲುಗಲಿಲ್ಲ. ಇವೆಲ್ಲಕ್ಕಿಂತ ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಕೇಳುತ್ತಿದ್ದ 'ಕಲರ್' ಎಂಬ ಹೆಸರು ನನಗೆ ಬಹಳ ಪ್ರಿಯ. ಬಣ್ಣವೂ ಸಕ್ಕರೆಯೂ ಅಲ್ಲದೆ ಬೇರೇನೂ ಇಲ್ಲದ ಆ ನೀರನ್ನು ಬಣ್ಣವೆಂದೇ ಕರೆದ ಜನರ ಪ್ರಾಮಾಣಿಕತೆ ದೊಡ್ಡದು. ಎಳನೀರು, ಬೆಲ್ಲದ ನೀರು ಮುಂತಾಗಿ ಮನೆಯಲ್ಲೇ ಹುಟ್ಟಿದ ಹೆಸರುಗಳು ಒಳಗಿರುವುದನ್ನು ಇದ್ದಂತೆ ಹೇಳುತ್ತವೆ. ದೂರದಿಂದ ಬಂದ ಹೆಸರುಗಳಷ್ಟೇ ಒಗಟಾಗುತ್ತವೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಯಾರಿಗೂ ಕೇಡಿಲ್ಲ. ಚಹಾವನ್ನು ಟೀ ಎಂದರೂ, ಫಾಂಟವನ್ನು ಡಿಕಾಕ್ಷನ್ ಎಂದರೂ ಕುಡಿದವನಿಗೆ ಏನೂ ಆಗುವುದಿಲ್ಲ. ಆದರೆ ಮದ್ಯದ ಹೆಸರುಗಳಿಗೆ ಬಂದಾಗ ಈ ನಗೆ ಸ್ವಲ್ಪ ತಡೆಯುತ್ತದೆ. ಅಲ್ಲಿ ಹೆಸರು ತಾನಾಗಿ ದಾರಿ ತಪ್ಪಿದ್ದಲ್ಲ. ಅನೇಕ ವೇಳೆ ಮರೆಮಾಚಲೆಂದೇ ಬಂದದ್ದು.

ಜಗತ್ತಿನ ಭಾಷೆಗಳಲ್ಲೆಲ್ಲ ಮದ್ಯಕ್ಕೆ ನೀರಿನ ಹೆಸರಿಡುವ ಒಂದು ಒಲವು ಇದೆ. ವಿಸ್ಕಿ ಎಂಬುದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಜೀವಜಲ ಎಂಬ ಮಾತಿನ ತುಂಡು. ಅದರಲ್ಲಿ ಜೀವ ಕಳಚಿಬಿದ್ದು ಜಲವಷ್ಟೇ ಉಳಿಯಿತು. ರಷ್ಯನ್ನರ ವೋಡ್ಕಾ ಎಂದರೆ ಮುದ್ದಿನ ನೀರು, ಪುಟ್ಟ ನೀರು. ನಮ್ಮ ನೀರಾ ಕೂಡ ನೀರೇ. ಅದು ಹುಳಿಯದ ಸಿಹಿರಸವಾದ್ದರಿಂದ ಆ ಹೆಸರಿಗೆ ಅರ್ಹವಾಗಿದೆ. ಬ್ರಾಂದಿ ಡಚ್ಚರ ಭಾಷೆಯಲ್ಲಿ ಸುಟ್ಟ ದ್ರಾಕ್ಷಾಮದ್ಯ. ನಮ್ಮ ದೇಶದಲ್ಲಿ ಬಹುಕಾಲ ಆ ಹೆಸರಿನಲ್ಲಿ ಮಾರಾಟವಾದದ್ದರಲ್ಲಿ ಹೆಚ್ಚಿನದು ದ್ರಾಕ್ಷಿಯ ಮುಖ ಕಾಣದ, ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರ. ಅರಾಕು ಎಂಬುದಕ್ಕೆ ಅರಬ್ಬಿಯಲ್ಲಿ ಬೆವರು ಎಂದರ್ಥ; ಭಟ್ಟಿಯ ಕೊಳವೆಯ ತುದಿಯಲ್ಲಿ ಬೆವರಿನ ಹನಿಯಂತೆ ಮೂಡುವುದನ್ನು ನೋಡಿ ಕೊಟ್ಟ ಹೆಸರು. ವೈದ್ಯರ ಅರಿಷ್ಟ ಎಂಬ ಮಾತು ಇನ್ನೂ ಸ್ವಾರಸ್ಯವಾದದ್ದು. ಹಾನಿಯಿಲ್ಲದ್ದು ಎಂದು ಅದರ ಮೂಲಾರ್ಥ. ಅದೇ ಆಯುರ್ವೇದದಲ್ಲಿ ಅರಿಷ್ಟಲಕ್ಷಣವೆಂದರೆ ಸಾವಿನ ಮುನ್ಸೂಚನೆ!

ಬಳಕೆಯ ಕನ್ನಡದಲ್ಲಂತೂ ಎಣ್ಣೆ, ಗುಂಡು, ತೀರ್ಥ ಎಂದು ಹೆಸರುಗಳ ಜಾತ್ರೆಯೇ ಇದೆ. ತೀರ್ಥವೆಂದರೆ ನದಿಯನ್ನು ದಾಟುವ ಕಡವು. ದಾಟಿಸುವುದು ಎಂಬ ಅರ್ಥದಿಂದ ಪವಿತ್ರವಾದ ಮಾತು. ಸಂಜೆಯ ತೀರ್ಥ ಕುಡಿದವನು ತನ್ನ ಮನೆಯ ಮುಂದಿನ ಚರಂಡಿಯನ್ನು ದಾಟಲಾರ.

ಪಾಣಿನೀಯ ಧಾತುಪಾಠದಲ್ಲಿ 'ಮದ್' ಧಾತುವಿಗೆ ಹರ್ಷ ಎಂಬ ಅರ್ಥವನ್ನು ಕೊಟ್ಟಿದೆ. ಮದ್ಯವೆಂದರೆ ಹರ್ಷ ತರುವಂಥದು. ಆದರೆ ಅದೇ ಧಾತುವಿನಿಂದ ಉನ್ಮಾದವೂ ಬಂದಿದೆ, ಪ್ರಮಾದವೂ ಬಂದಿದೆ. ವೈಯಾಕರಣರು ಉಪದೇಶ ಮಾಡುವವರಲ್ಲ. ಧಾತುವಿನ ಜೊತೆಗೆ ಉಪಸರ್ಗವನ್ನು ಸೇರಿಸಿ ತೋರಿಸಿ ಸುಮ್ಮನಾಗುತ್ತಾರೆ. ಮಧು ಎಂಬ ಇನ್ನೊಂದು ಹಳೆಯ ಮಾತು ಜೇನಿಗೂ ಉಂಟು, ಮದ್ಯಕ್ಕೂ ಉಂಟು. ಇದು ಬಹಳ ದೂರ ಹರಡಿದ ಬಳ್ಳಿ. ಇಂಗ್ಲಿಷಿನಲ್ಲಿ ಜೇನಿನ ಮದ್ಯಕ್ಕೆ ಮೀಡ್, ಪ್ರಾಚೀನ ಗ್ರೀಕಿನಲ್ಲಿ ದ್ರಾಕ್ಷಾಮದ್ಯಕ್ಕೆ ಮೆಥು; ಇವೆಲ್ಲ ಮಧುವಿನ ಬಳಗ.

ಈ ಬಳಗದ ಒಂದು ಕವಲನ್ನು ಕುರಿತು ಹೇಳದೆ ಈ ಭಾಷಣವನ್ನು ಮುಗಿಸಲಾರೆ.

ಆಲ್ಕೋಹಾಲ್ ಎಂಬುದು ಅರಬ್ಬಿಯ 'ಅಲ್ ಕುಹ್ಲ್' ಎಂಬ ಮಾತಿನಿಂದ ಬಂದದ್ದು. ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಅಂಜನ, ನಮ್ಮ ಕಾಡಿಗೆಯಂಥದು. ಅಂಜನಕ್ಕೆ ಅರೆದ ನಯವಾದ ಪುಡಿ, ಅದರಿಂದ ಯಾವುದೇ ಪದಾರ್ಥದ ಸೂಕ್ಷ್ಮವಾದ ಸಾರ ಎಂದು ಯೂರೋಪಿನಲ್ಲಿ ಅರ್ಥ ಬೆಳೆಯಿತು. ೧೬ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ದ್ರಾಕ್ಷಾಮದ್ಯದ ಸಾರಕ್ಕೆ ಆ ಹೆಸರನ್ನು ಬಳಸಿದ. ಮುಂದೆ ೧೮೩೦ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ದ್ಯೂಮಾ ಮತ್ತು ಪೆಲಿಗೋ, ಕಟ್ಟಿಗೆಯಿಂದ ಇಳಿಸುವ ಇನ್ನೊಂದು ಸಾರವನ್ನು ಪರೀಕ್ಷಿಸಿ, ಗ್ರೀಕಿನ ಮೆಥು ಎಂಬುದಕ್ಕೆ ಕಟ್ಟಿಗೆ ಎಂಬರ್ಥದ ಮಾತನ್ನು ಸೇರಿಸಿ ಒಂದು ಹೆಸರು ಕಟ್ಟಿದರು. ಅದರಿಂದ ಬಂದದ್ದು ಮೀಥೈಲ್. ಕಟ್ಟಿಗೆಯ ಮಧು ಎನ್ನೋಣ. ನೋಡಲು ಎರಡೂ ಆಲ್ಕೋಹಾಲುಗಳು ಒಂದೇ, ನೀರಿನಂತೆ ತಿಳಿ. ವಾಸನೆಯಲ್ಲೂ ಹೆಚ್ಚು ವ್ಯತ್ಯಾಸ ತಿಳಿಯದು. ಆದರೆ ಮೀಥೈಲ್ ಆಲ್ಕೋಹಾಲ್ ದೇಹದೊಳಗೆ ಹೋದ ಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಪ್ರಮಾಣ ಹೆಚ್ಚಿದರೆ ಪ್ರಾಣವನ್ನು. ಹೆಸರಿನಲ್ಲಿ ಜೇನೂ ಇದೆ, ಕಾಡಿಗೆಯೂ ಇದೆ. ಮಾಡುವ ಕೆಲಸ ಇದು.

೧೯೮೧ರ ಜುಲೈ ತಿಂಗಳು. ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ನಾನು ಆಗ ಅದೇ ಊರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ನಾವು ಕೆಲವು ವಿದ್ಯಾರ್ಥಿಗಳು ಊಟ ಮಾಡುತ್ತಿದ್ದ ಮನೆಯಲ್ಲಿ ನೀರು ಸೇದುವ, ಪಾತ್ರೆ ತೊಳೆಯುವ ಕೆಲಸಕ್ಕೆ ಒಬ್ಬ ನಡುವಯಸ್ಸಿನ ಮನುಷ್ಯ ಬರುತ್ತಿದ್ದ. ದಿನವಿಡೀ ಒದ್ದೆಯಲ್ಲಿ ನಿಂತು ಮೈಕೈ ನೋವೆಂದು ಸಂಜೆ ಹೊರಡುವಾಗ, "ಕಷಾಯ ಕುಡಿದು ಮನೆಗೆ ಹೋಗ್ತೀನಿ ಸ್ವಾಮಿ" ಎನ್ನುತ್ತಿದ್ದ. ಅವನ ಕಷಾಯ ಯಾವುದೆಂದು ನಮಗೆಲ್ಲ ಗೊತ್ತಿತ್ತು. ಅದು ನಮಗೆ ಒಳ್ಳೆಯ ತಮಾಷೆಯಾಗಿತ್ತು. ಲಕ್ಷಣಾವೃತ್ತಿಗೆ ಉದಾಹರಣೆ ಎಂದು ನಾನೇ ಒಮ್ಮೆ ಗೆಳೆಯರ ಎದುರಿಗೆ ಹೇಳಿ ನಗಿಸಿದ್ದೂ ಉಂಟು. ಆ ಜುಲೈ ತಿಂಗಳಲ್ಲಿ ಒಂದು ದಿನ ಅವನು ಬರಲಿಲ್ಲ. ಎರಡು ತಿಂಗಳಾದ ಮೇಲೆ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು, ಉಳಿದಿದ್ದ ಸಂಬಳ ಕೇಳಲು ಬಂದ. ಪ್ರಾಣ ಉಳಿದಿತ್ತು, ಕಣ್ಣು ಹೋಗಿತ್ತು. ನಮ್ಮ ದನಿಯಿಂದಲೇ ಒಬ್ಬೊಬ್ಬರನ್ನೂ ಗುರುತು ಹಿಡಿದು ಹೆಸರಿಟ್ಟು ಮಾತನಾಡಿಸಿದ. ಹೊರಡುವಾಗ, "ಕಷಾಯ ಕೈಕೊಟ್ಟಿತು ಸ್ವಾಮಿ" ಎಂದ. ಆಗಲೂ ಅವನು ಬೇರೆ ಹೆಸರು ಹೇಳಲಿಲ್ಲ.

ಆಮೇಲೆ ಕೆಲವೇ ವರ್ಷಗಳಲ್ಲಿ ನಾನು ಸಾಗರದ ಆ ಜಗಲಿಯಲ್ಲಿ ಕುಳಿತು, ಯಾವ ತಿದ್ದುಪಡಿಯ ಅಗತ್ಯವೂ ಇಲ್ಲದಿದ್ದ ಅಜ್ಜಿಯನ್ನು ತಿದ್ದಿದೆ. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು ಎಲ್ಲವೂ ಕಣ್ಣೆದುರಿಗೆ ಇದ್ದಲ್ಲಿ ಹೆಸರು ಸರಿಯಿಲ್ಲವೆಂದೆ. ಲೋಟದಲ್ಲಿ ಏನಿದೆಯೆಂದು ಕುಡಿಯುವವನಿಗೂ ತಿಳಿಯದಿದ್ದಲ್ಲಿ ಹೆಸರನ್ನು ಕೇಳಿ ನಕ್ಕು ಸುಮ್ಮನಿದ್ದೆ. ನಾನು ಒಂದು ಮಾತು ಹೇಳಿದ್ದರೆ ಆ ಮನುಷ್ಯ ಕುಡಿಯುವುದನ್ನು ಬಿಡುತ್ತಿದ್ದನೆಂದು ನಾನು ತಿಳಿದಿಲ್ಲ. ದಣಿವಿಗೆ ಅವನಿಗೆ ಬೇರೆ ಏನು ಸಿಗುತ್ತಿತ್ತೆಂದು ಕೇಳುವ ತಿಳಿವಳಿಕೆಯೂ ಆಗ ನಮಗೆ ಇರಲಿಲ್ಲ. ಆಸರಿಗೆ ಎಂತ ಕೊಡಲಿ ಎಂದು ಅವನನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು ೨೦೦೭ರ ಜುಲೈಯಲ್ಲಿ ನಿಲ್ಲಿಸಿದರು. ಮರುವರ್ಷದ ಮೇ ತಿಂಗಳಲ್ಲಿ ನಮ್ಮಲ್ಲೂ ನೆರೆಯ ತಮಿಳುನಾಡಿನಲ್ಲೂ ಮತ್ತೆ ನೂರಕ್ಕೂ ಹೆಚ್ಚು ಜನ ಇದೇ ರೀತಿ ಸತ್ತರು. ಹೆಸರನ್ನು ಅಳಿಸಿದ ಮಾತ್ರಕ್ಕೆ ಪದಾರ್ಥ ಅಳಿಯುವುದಿಲ್ಲ. ಅದು ಇನ್ನೊಂದು ಹೆಸರನ್ನು ಹುಡುಕಿಕೊಳ್ಳುತ್ತದೆ. ಆ ಹೊಸ ಹೆಸರು ಹಳೆಯದಕ್ಕಿಂತ ಹೆಚ್ಚು ಮುಗ್ಧವಾಗಿ ಕೇಳಿಸುವುದೂ ಉಂಟು.

ಆದ್ದರಿಂದ, ಶಬ್ದಾರ್ಥವನ್ನು ಕುರಿತು ನಾಲ್ಕು ದಶಕ ಪಾಠ ಹೇಳಿದವನಾಗಿ ನನಗೆ ತಿಳಿದದ್ದು ಇಷ್ಟು. ಹೆಸರುಗಳು ಅಲೆಯುವುದು ಸಹಜ. ಅವು ಎಲ್ಲಿಂದ ಬಂದವೆಂದು ತಿಳಿದರೆ ನಮ್ಮ ಚರಿತ್ರೆ ತಿಳಿಯುತ್ತದೆ, ಮನಸ್ಸಿಗೆ ಸಂತೋಷವಾಗುತ್ತದೆ. ಅದಕ್ಕಾಗಿ ಯಾರ ಬಾಯನ್ನೂ ತಿದ್ದಬೇಕಾಗಿಲ್ಲ. ಆದರೆ ಒಳಗಿರುವುದನ್ನು ಮುಚ್ಚಲೆಂದು ಬಂದ ಹೆಸರು ಬೇರೆ. ಅಲ್ಲಿ ನಿಘಂಟನ್ನು ತೆರೆದರೆ ಸಾಲದು, ಪಾತ್ರೆಯ ಮುಚ್ಚಳವನ್ನೇ ತೆರೆಯಬೇಕು.

ಈಗ ಯಾರ ಮನೆಗೆ ಹೋದಾಗ ಕಷಾಯ ಎಂದು ಕೊಟ್ಟರೂ ನಾನು ಹೆಸರಿನ ಮಾತೆತ್ತುವುದಿಲ್ಲ. ಇದಕ್ಕೆ ಏನೇನು ಹಾಕಿದ್ದೀರಿ ಎಂದು ಕೇಳುತ್ತೇನೆ. ಮನೆಯವರಿಗೆ ಅದರಿಂದ ಸಂತೋಷವಾಗುತ್ತದೆ. ಒಂದೊಂದಾಗಿ ಎಣಿಸಿ ಹೇಳುತ್ತಾರೆ. ಕೆಲವರು ಇನ್ನೊಂದು ಲೋಟ ತಂದುಕೊಡುತ್ತಾರೆ.

(ಆಕಾಶವಾಣಿಯ ಕೃಪೆಯಿಂದ)